ನಾಲ್ಕೂವರೆ ಗಂಟೆಯ ಲೆಕ್ಕ

ಹೃದಯಾಘಾತವೆಂದರೆ ನಮ್ಮ ಜನ ಗಾಡಿ ಹುಡುಕುತ್ತಾರೆ. ಲಕ್ವವೆಂದರೆ ಎಣ್ಣೆ ಕಾಯಿಸುತ್ತಾರೆ. ಎದೆ ಹಿಡಿದುಕೊಂಡು ಕುಸಿದವನನ್ನು ನಡುರಾತ್ರಿಯಲ್ಲಿ ಹೊತ್ತುಕೊಂಡು ಓಡುವ ಅದೇ ಮನೆಯವರು, ಬಾಯಿ ಸೊಟ್ಟಗಾಗಿ ಬಲಗೈ ಜೋತುಬಿದ್ದವನನ್ನು ಮಂಚದ ಮೇಲೆ ಮಲಗಿಸಿ ‘ಬೆಳಗಾಗಲಿ, ನೋಡೋಣ’ ಎನ್ನುತ್ತಾರೆ. ಬೆಳಗಾಗುವಷ್ಟರಲ್ಲಿ ಮಾಡಬಹುದಾದದ್ದು ಬಹುಮಟ್ಟಿಗೆ ಕೈಮೀರಿರುತ್ತದೆ.

ಇದರಲ್ಲಿ ಅರ್ಧ ತಪ್ಪು ಪದದ್ದು ಎಂದು ಕನ್ನಡ ಪಾಠ ಹೇಳಿಕೊಂಡು ಬಂದ ನನ್ನ ಗುಮಾನಿ. ‘ಹೃದಯಾಘಾತ’ ಎನ್ನುವ ಮಾತಿನಲ್ಲಿ ಹೃದಯವಿದೆ. ಕೇಳಿದವನಿಗೆ ಪೆಟ್ಟು ಎಲ್ಲಿ ಬಿತ್ತೆಂದು ತಿಳಿಯುತ್ತದೆ. ‘ಪಾರ್ಶ್ವವಾಯು’ವಿನಲ್ಲಿ ಮಿದುಳು ಎಲ್ಲಿದೆ? ಪಾರ್ಶ್ವವೆಂದರೆ ಮಗ್ಗುಲು, ವಾಯುವೆಂದರೆ ವಾತ. ಹೆಸರೇ ಕೈಕಾಲಿನ ಕಡೆ ಬೆರಳು ತೋರಿಸುತ್ತಿರುವಾಗ ಜನ ಕೈಕಾಲು ತಿಕ್ಕದೆ ಇನ್ನೇನು ಮಾಡಿಯಾರು? ‘ಲಕ್ವ’ದ ಕಥೆ ಇನ್ನೂ ಮೋಜಿನದು. ಅರಬ್ಬಿಯಿಂದ ಬಂದ ಆ ಶಬ್ದಕ್ಕೆ ಅಲ್ಲಿ ಮುಖ ಸೊಟ್ಟಗಾಗುವುದು ಎಂದಷ್ಟೇ ಅರ್ಥ. ಮೈಯ ಅರ್ಧಭಾಗ ಬಿದ್ದುಹೋಗುವುದಕ್ಕೆ ಅವರಲ್ಲಿ ಬೇರೆ ಮಾತಿದೆ. ನಾವು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟೆವು. ಮುಖದ ನರವೊಂದು ಬಾತು ಬಾಯಿ ವಾರೆಯಾಗುವ ಕಾಯಿಲೆ ಬಹಳಷ್ಟು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಆ ವಾರಗಳಲ್ಲಿ ಯಾರು ಸೊಪ್ಪು ಅರೆದು ಕೊಟ್ಟಿದ್ದರೋ ಅವರಿಗೆ ‘ಲಕ್ವದ ಔಷಧ ಕೊಡುವವರು’ ಎಂಬ ಬಿರುದು ಬರುತ್ತದೆ. ಆಮೇಲೆ ಮಿದುಳಿನ ರಕ್ತನಾಳ ಕಟ್ಟಿಕೊಂಡವರನ್ನೂ ಅವರ ಜಗಲಿಗೇ ಕರೆದೊಯ್ಯುತ್ತಾರೆ. ಪಾರಿವಾಳ ಕೊಯ್ದು ಬಿಸಿ ರಕ್ತ ಸವರುವುದೂ ಉಂಟು. ಪಾಪ, ಪಾರಿವಾಳದ್ದೂ ಹೋಯಿತು, ಮನುಷ್ಯನದೂ ಹೋಯಿತು.

ಹೆಸರು ‘ಮಿದುಳಾಘಾತ’ ಎಂದಾಗಲಿ. ಅದು ನಡೆಯುವ ಬಗೆ ಹೀಗೆ. ಜಗತ್ತಿನ ಒಟ್ಟು ಲೆಕ್ಕದಲ್ಲಿ ನೂರಕ್ಕೆ ಬಹುಪಾಲು ಮಿದುಳಾಘಾತಗಳು ರಕ್ತನಾಳದಲ್ಲಿ ಗರಣೆ ಸಿಕ್ಕಿಕೊಂಡು ರಕ್ತ ಮುಂದೆ ಹೋಗದಿರುವುದರಿಂದ ಆಗುವಂಥವು. ಉಳಿದವು ನಾಳ ಒಡೆದು ಒಳಗೆ ರಕ್ತ ಸೋರುವುದರಿಂದ. ದೊಡ್ಡ ನಾಳ ಕಟ್ಟಿಕೊಂಡಾಗ ನಿಮಿಷವೊಂದಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲಿ ಅಮೆರಿಕದ ವೈದ್ಯರೊಬ್ಬರು ಲೆಕ್ಕ ಹಾಕಿ ತೋರಿಸಿದರು. ಗರಣೆ ಕರಗಿಸುವ ಚುಚ್ಚುಮದ್ದು ಇದೆ. ಆದರೆ ಅದನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೊಡುವ ಮೊದಲು ತಲೆಯ ಸಿಟಿ ಸ್ಕ್ಯಾನ್ ಆಗಲೇಬೇಕು, ಏಕೆಂದರೆ ನಾಳ ಒಡೆದವನಿಗೆ ಅದೇ ಮದ್ದು ವಿಷ. ದೊಡ್ಡ ನಾಳದ ಗರಣೆಯನ್ನು ತೊಡೆಯ ಸಂದಿನಿಂದ ಸಣ್ಣ ಕೊಳವೆ ತೂರಿಸಿ ಎಳೆದು ತೆಗೆಯುವ ಚಿಕಿತ್ಸೆಯೂ ಬಂದಿದೆ. ಆಯ್ದ ಕೆಲವರಿಗೆ ಅದನ್ನು 24 ಗಂಟೆಯವರೆಗೂ ಮಾಡಬಹುದೆಂದು 2018ರಲ್ಲಿ ಗೊತ್ತಾಯಿತು. ಅದು ದೊಡ್ಡ ಊರುಗಳ ಮಾತು. ನಮ್ಮಂಥ ತಾಲ್ಲೂಕಿನವರ ಪಾಲಿಗೆ ಇರುವುದು ನಾಲ್ಕೂವರೆ ಗಂಟೆಯೇ. ರಸ್ತೆ, ಗಾಡಿ, ದುಡ್ಡು, ಬಂಧುಗಳ ಸಮಾಲೋಚನೆ ಎಲ್ಲವೂ ಅದರೊಳಗೇ ಮುಗಿಯಬೇಕು.

ಹೀಗೆ ಮೊದಲೇ ಕಿರಿದಾಗಿದ್ದ ಬಾಗಿಲಿಗೆ ಅಡ್ಡಲಾಗಿ ಬಂದು ನಿಂತದ್ದು ಕೊರೋನಾ.

ಅದನ್ನು ನಾವೆಲ್ಲ ಶ್ವಾಸಕೋಶದ ಕಾಯಿಲೆಯೆಂದೇ ಬಗೆದೆವು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು ಅಂಕಿ ನೋಡುತ್ತ ಕುಳಿತೆವು. ಆ ವೈರಾಣು ರಕ್ತನಾಳಗಳ ಒಳಪದರವನ್ನೂ ಕೆರಳಿಸುತ್ತದೆ. ಸೋಂಕಿನ ವಿರುದ್ಧ ಎದ್ದ ಉರಿಯೂತ ರಕ್ತವನ್ನು ಗರಣೆಗಟ್ಟುವ ಕಡೆಗೆ ತಳ್ಳುತ್ತದೆ. ಹೃದಯದ ಬಡಿತ ತಾಳ ತಪ್ಪಿದರೆ ಅಲ್ಲಿ ಕಟ್ಟಿದ ಗರಣೆ ಮಿದುಳಿಗೆ ಹರಿಯುತ್ತದೆ. 2020ರ ಏಪ್ರಿಲ್‌ನಲ್ಲಿಯೇ ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯರು ಎರಡು ವಾರದಲ್ಲಿ ತಾವು ಕಂಡ ಐದು ಜನರ ವಿಚಾರ ಪ್ರಕಟಿಸಿದ್ದರು. ಐವರೂ ಐವತ್ತರೊಳಗಿನವರು, ಐವರಿಗೂ ಕೊರೋನಾ, ಐವರಿಗೂ ಮಿದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡಿತ್ತು. ಅದೇ ನಗರದ ಎರಡು ಆಸ್ಪತ್ರೆಗಳ ಇನ್ನೊಂದು ಲೆಕ್ಕದಲ್ಲಿ, ಕೊರೋನಾದಿಂದ ಬಂದ 1916 ರೋಗಿಗಳಲ್ಲಿ 31 ಜನರಿಗೆ ಗರಣೆಯ ಮಿದುಳಾಘಾತವಾಗಿತ್ತು. ಅದಕ್ಕೆ ಹಿಂದಿನ ವರ್ಷಗಳಲ್ಲಿ ಫ್ಲೂ ಜ್ವರದಿಂದ ಬಂದಿದ್ದ 1486 ಜನರಲ್ಲಿ ಬರೀ 3 ಜನರಿಗೆ. ಸ್ವೀಡನ್ನಿನವರು ಸೋಂಕು ತಗುಲಿದ ಸುಮಾರು 87 ಸಾವಿರ ಜನರ ದಾಖಲೆ ತೆಗೆದು 2021ರಲ್ಲಿ ಹೇಳಿದ್ದು ಇನ್ನೂ ಸ್ಪಷ್ಟ: ಸೋಂಕಿನ ನಂತರದ ಮೊದಲ ಎರಡು ವಾರ ಗರಣೆಯ ಮಿದುಳಾಘಾತದ ಸಂಭವ ಅದೇ ಮನುಷ್ಯರ ಮಾಮೂಲಿ ದಿನಗಳಿಗಿಂತ ಸುಮಾರು ಮೂರು ಪಟ್ಟು. 2022ರಲ್ಲಿ ಅಮೆರಿಕದ ನಿವೃತ್ತ ಸೈನಿಕರ ದಾಖಲೆಗಳಿಂದ, ವರ್ಷವೊಂದರವರೆಗೂ ಸಂಭವ ಒಂದೂವರೆ ಪಟ್ಟು ಇತ್ತು ಎಂದು ತಿಳಿಯಿತು. ಸಾವಿರ ಜನಕ್ಕೆ ನಾಲ್ಕು ಹೆಚ್ಚು.

ಸಾವಿರಕ್ಕೆ ನಾಲ್ಕು ಎಂದರೆ ದೊಡ್ಡದೇ ಎಂದು ಕೇಳುವವರಿದ್ದಾರೆ. ನಮ್ಮ ಶಾಲೆಯ ಬೀದಿಯಲ್ಲಿ ದೊಡ್ಡದಲ್ಲ, ಒಂದು ದೇಶದಲ್ಲಿ ದೊಡ್ಡದು. ಹಾಗೆಂದು 2020ರ ಅಂಕಿಗಳನ್ನು ತಂದು ಇಂದಿನ ಪ್ರತಿ ನೆಗಡಿಗೂ ಹಚ್ಚಿ ಹೆದರಿಸುವುದೂ ನನಗೆ ಒಪ್ಪಿಗೆಯಲ್ಲ. ಜಗತ್ತಿನ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಾರಿದೆ. ಆಗ ಯಾರ ಮೈಯಲ್ಲೂ ಇಲ್ಲದಿದ್ದ ಪ್ರತಿರೋಧ ಈಗ ಬಹಳ ಜನರ ಮೈಯಲ್ಲಿದೆ. ನನ್ನ ತಕರಾರು ವೈರಾಣುವಿನ ಮೇಲಲ್ಲ. ಅದು ತನ್ನ ಸ್ವಭಾವದಂತೆ ನಡೆದುಕೊಂಡಿತು. ನಾವು ನಡೆದುಕೊಂಡದ್ದು ಹೇಗೆ?

70 ದೇಶಗಳ 457 ಆಸ್ಪತ್ರೆಗಳ ಲೆಕ್ಕವೊಂದು 2021ರಲ್ಲಿ ಬಂತು. ಸೋಂಕಿನ ಮೊದಲ ನಾಲ್ಕು ತಿಂಗಳಲ್ಲಿ ಮಿದುಳಾಘಾತಕ್ಕೆಂದು ಬಂದು ಸೇರಿದವರ ಸಂಖ್ಯೆ ಅದಕ್ಕೆ ಮೊದಲಿನ ನಾಲ್ಕು ತಿಂಗಳಿಗಿಂತ ನೂರಕ್ಕೆ 11.5ರಷ್ಟು ಇಳಿದಿತ್ತು; ಗರಣೆ ಕರಗಿಸುವ ಮದ್ದು ಪಡೆದವರು ನೂರಕ್ಕೆ 13.2ರಷ್ಟು ಇಳಿದಿದ್ದರು. ಸಂಭವ ಹೆಚ್ಚಿಸುವ ರೋಗ ಬಂದ ಕಾಲದಲ್ಲಿ ರೋಗಿಗಳು ಕಡಿಮೆಯಾದರಂತೆ! ಎಲ್ಲಿ ಹೋದರು? ಮನೆಯಲ್ಲಿದ್ದರು. ಆಸ್ಪತ್ರೆಗೆ ಹೋದರೆ ಕೊರೋನಾ ಬರುತ್ತದೆ, ಬಂದರೆ ಹೆಣವನ್ನೂ ಕೊಡುವುದಿಲ್ಲ ಎಂಬ ಭಯ. ಆ ಭಯಕ್ಕೆ ಆಧಾರವಿರಲಿಲ್ಲ ಎಂದು ಹೇಳಲಾರೆ. ಸಂಸ್ಕಾರವಿಲ್ಲದೆ ಹೋದ ಹೆಣಗಳನ್ನು ನಾವೆಲ್ಲ ಟಿವಿಯಲ್ಲಿ ನೋಡಿದವರೇ.

ಇನ್ನೊಂದು ಸಂಗತಿಯನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಮಿದುಳಾಘಾತಕ್ಕೆ ಸಾಕ್ಷಿ ಬೇಕು. ಹಲ್ಲು ನೋಯುವವನು ತಾನೇ ಕೂಗುತ್ತಾನೆ. ಇಲ್ಲಿ ಮಾತೇ ಹೋಗಿರುತ್ತದೆ, ಕೆಲವೊಮ್ಮೆ ತನಗೆ ಏನಾದರೂ ಆಗಿದೆಯೆಂಬ ಅರಿವೂ ಹೋಗಿರುತ್ತದೆ. ವೈದ್ಯರು ಕೇಳುವ ಮೊದಲ ಪ್ರಶ್ನೆ, ‘ಕೊನೆಯ ಬಾರಿ ಇವರು ಸರಿಯಾಗಿದ್ದದ್ದನ್ನು ಕಂಡದ್ದು ಯಾವಾಗ?’ ಎಂಬುದು. ಗಡಿಯಾರ ಓಡುವುದು ಅಲ್ಲಿಂದ. ಒಬ್ಬನನ್ನು ಮೂಲೆಯ ಕೋಣೆಗೆ ಹಾಕಿ, ಬಾಗಿಲು ಮುಚ್ಚಿ, ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ದೂರ ಸರಿದರೆ ಆ ಪ್ರಶ್ನೆಗೆ ಉತ್ತರ ಕೊಡುವವರು ಯಾರು? ‘ರಾತ್ರಿ ಒಂಬತ್ತಕ್ಕೆ ತಟ್ಟೆ ತೆಗೆದುಕೊಂಡರು, ಬೆಳಿಗ್ಗೆ ಏಳಕ್ಕೆ ನೋಡಿದರೆ ಹೀಗೆ’ ಎಂದರೆ ಹತ್ತು ಗಂಟೆ ಕಳೆದಂತೆಯೇ ಲೆಕ್ಕ. ದೊಡ್ಡ ಆಸ್ಪತ್ರೆಗಳಲ್ಲೂ ವೆಂಟಿಲೇಟರಿಗಾಗಿ ನಿದ್ದೆಯ ಮದ್ದು ಕೊಟ್ಟು ಮಲಗಿಸಿದವರ ಕೈ ಬಿದ್ದಿದೆಯೆಂದು ತಿಳಿಯುತ್ತಿದ್ದದ್ದು ಅವರನ್ನು ಎಬ್ಬಿಸಿದ ಮೇಲೆ. ಬೇರೆಯಿರಿಸಿದ್ದು ತಪ್ಪು ಎನ್ನುವುದಿಲ್ಲ. ಬೇರೆಯಿರಿಸಿದವರನ್ನು ದಿನಕ್ಕೆ ನಾಲ್ಕಾರು ಸಲ ಕಿಟಕಿಯಿಂದ ಮಾತಾಡಿಸಿ, ಎರಡು ಕೈ ಎತ್ತಿಸಿ ನೋಡಿ ಎಂದು ಅಷ್ಟೊಂದು ಕರಪತ್ರಗಳಲ್ಲಿ ಒಂದರಲ್ಲಾದರೂ ಬರೆಯಬಹುದಿತ್ತು. ಮೇಷ್ಟರುಗಳಾದ ನಾವು ಸರ್ವೆಗೆಂದು ಮನೆಮನೆ ಅಲೆದಾಗ ಹಂಚಿದ ಕಾಗದಗಳಲ್ಲಿ ಕೈ ತೊಳೆಯುವ ಚಿತ್ರವಿತ್ತು, ಮಾಸ್ಕಿನ ಚಿತ್ರವಿತ್ತು, ಇದು ಇರಲಿಲ್ಲ.

ನನ್ನ ಭಾವನವರಿಗೆ ಸಾಕ್ಷಿ ಇದ್ದಳು. 2021ರ ಮೇ ತಿಂಗಳು, ಲಾಕ್‌ಡೌನಿನ ದಿನಗಳು. ಜ್ವರ ಬಿಟ್ಟು, ಸೋಂಕಿನ ಒಂಬತ್ತನೆಯ ದಿನ. ಮನೆಯಲ್ಲೇ ಬೇರೆ ಕೋಣೆಯಲ್ಲಿದ್ದರು. ಕಿಟಕಿಯಾಚೆ ನಿಂತು ಮಾತಾಡುತ್ತಿದ್ದ ಮಗಳ ಕಣ್ಣೆದುರಿಗೇ ಕಾಫಿ ಲೋಟ ಕೈಜಾರಿತು. ಬೆಳಿಗ್ಗೆ ಏಳು ಹತ್ತು. ಅಕ್ಕ ನನಗೆ ಫೋನ್ ಮಾಡಿ, ‘ಇವರ ಬಾಯಿ ಯಾಕೋ ಒಂದು ಕಡೆ ಎಳೀತಾ ಇದೆ ಕಣೇ, ಕೂಗಿದರೆ ತಿರುಗಿ ನೋಡ್ತಾರೆ, ಮಾತೇ ಬರ್ತಾ ಇಲ್ಲ’ ಎಂದಳು. ‘ಅಕ್ಕಾ, ಬಾಯಿಗೆ ನೀರೂ ಹಾಕಬೇಡ, ಸೀದಾ ಹೊರಡಿ’ ಎಂದೆ. ಹೊರಡುವುದು ಹೇಗೆ? 108ಕ್ಕೆ ಫೋನ್ ಮಾಡಿದರೆ ಗಾಡಿಗಳೆಲ್ಲ ಆಕ್ಸಿಜನ್ ಕೇಸುಗಳ ಹಿಂದೆ. ಸೋಂಕಿನ ಮನೆಯೆಂದು ಅಕ್ಕಪಕ್ಕದವರು ಕಾರು ಕೊಡಲಿಲ್ಲ. ಕೊನೆಗೆ ತರಕಾರಿ ಸಾಗಿಸುವ ಟೆಂಪೋದವನೊಬ್ಬ ಬಂದ. ಅವನ ಋಣ ಆ ಮನೆಯ ಮೇಲಿದೆ. ತಾಲ್ಲೂಕಿನ ನರ್ಸಿಂಗ್ ಹೋಮಿನಲ್ಲಿ ಪಾಸಿಟಿವ್ ಎಂಬ ಮಾತು ಕಿವಿಗೆ ಬೀಳುತ್ತಲೇ ಗೇಟು ಹಾಕಿದರು. ಜಿಲ್ಲಾ ಕೇಂದ್ರದ ದೊಡ್ಡ ಖಾಸಗಿ ಆಸ್ಪತ್ರೆಗೆ ಮುಟ್ಟಿದಾಗ ಒಂಬತ್ತೂ ಐವತ್ತು. ಸ್ಕ್ಯಾನಿಂಗ್ ಯಂತ್ರ ಇಪ್ಪತ್ತು ಹೆಜ್ಜೆಯಲ್ಲಿತ್ತು. ‘ಹೊಸದಾಗಿ ಆರ್‌ಟಿಪಿಸಿಆರ್ ಮಾಡಿಸಿ, ನೆಗೆಟಿವ್ ರಿಪೋರ್ಟು ಬಂದ ಮೇಲೆ ಒಳಗೆ ಬಿಡುತ್ತೇವೆ’ ಎಂದರು. ಆ ರಿಪೋರ್ಟು ಬರುವುದಕ್ಕೆ ಆಗ ಒಂದು ದಿನ, ಎರಡು ದಿನ. ವಾದ, ಬೇಡಿಕೆ, ಅಕ್ಕನ ಅಳು. ನಾಲ್ಕೂವರೆ ಗಂಟೆ ಮುಗಿದ ಹನ್ನೊಂದೂ ನಲವತ್ತಕ್ಕೆ ಅವರು ಅದೇ ಆಸ್ಪತ್ರೆಯ ಪೋರ್ಟಿಕೋದಲ್ಲಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕ, ಸ್ಟ್ರೆಚರಿನ ಮೇಲಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಒಂದೂ ಇಪ್ಪತ್ತಕ್ಕೆ ಸ್ಕ್ಯಾನ್ ಆಯಿತು. ಗರಣೆಯೇ. ರಕ್ತಸ್ರಾವವಿರಲಿಲ್ಲ. ‘ಎರಡು ಗಂಟೆ ಮುಂಚೆ ಬಂದಿದ್ದರೆ’ ಎಂದು ಆ ವೈದ್ಯರು ಅರ್ಧಕ್ಕೆ ನಿಲ್ಲಿಸಿದರಂತೆ. ಈ ವೇಳೆಗಳನ್ನು ನಾನು ಊಹಿಸಿ ಬರೆದದ್ದಲ್ಲ. ಆ ದಿನದ ಕರೆಗಳ ಪಟ್ಟಿಯನ್ನು ನೋಡಿಕೊಂಡು ಅಂದೇ ರಾತ್ರಿ ಹಾಳೆಯ ಮೇಲೆ ಇಳಿಸಿಟ್ಟಿದ್ದೇನೆ. ಅಂಚೆ ಕಚೇರಿಯಲ್ಲಿ ಊರಿನ ಮುದುಕಿಯರಿಗೆಲ್ಲ ಮನಿಯಾರ್ಡರ್ ಫಾರಂ ತುಂಬಿಕೊಟ್ಟ ಆ ಕೈ ಈಗ ಮಡಿಲಲ್ಲಿ ಮಡಿಸಿಟ್ಟಂತೆ ಇರುತ್ತದೆ.

ಇದನ್ನು ಹೇಳಿದಾಗಲೆಲ್ಲ ಬರುವ ಉತ್ತರ ಒಂದೇ: ‘ಮೇಡಂ, ಆಗಿನ ಪರಿಸ್ಥಿತಿ ಹಾಗಿತ್ತು.’ ಪರಿಸ್ಥಿತಿ ಹಾಗಿತ್ತು, ಒಪ್ಪಿದೆ. ಡಾಕ್ಟರುಗಳೂ ನರ್ಸುಗಳೂ ಸತ್ತರು, ಅದನ್ನು ಮರೆಯುವಷ್ಟು ಕೃತಘ್ನಳಲ್ಲ. ಆದರೆ ‘ಮೊದಲು ರಿಪೋರ್ಟು, ಆಮೇಲೆ ಸ್ಕ್ಯಾನ್’ ಎಂಬುದನ್ನು ವೈದ್ಯಶಾಸ್ತ್ರ ಹೇಳಿರಲಿಲ್ಲ. ಅದಕ್ಕೂ ಒಂದು ವರ್ಷ ಮೊದಲೇ, 2020ರಲ್ಲಿ, ಕೆನಡಾದ ಟೊರಾಂಟೊ ವೈದ್ಯರು ಇದಕ್ಕೊಂದು ಕ್ರಮ ಬರೆದು ಪ್ರಕಟಿಸಿದ್ದರು. ಬಂದ ಮಿದುಳಾಘಾತದ ರೋಗಿಗೆ ಸೋಂಕು ಇರಬಹುದೆಂದೇ ಭಾವಿಸಿ, ರೋಗಿಗೆ ಮಾಸ್ಕ್ ಹಾಕಿ, ತಾವು ರಕ್ಷಣೆಯ ಉಡುಪು ಹಾಕಿಕೊಂಡು, ತಡಮಾಡದೆ ಚಿಕಿತ್ಸೆಗೆ ತೊಡಗಬೇಕು ಎಂಬುದು ಅದರ ತಿರುಳು. ಉಡುಪು ಹಾಕಿಕೊಳ್ಳಲು ಹತ್ತು ನಿಮಿಷ ಹಿಡಿಯಬಹುದು. ಹತ್ತು ನಿಮಿಷಕ್ಕೂ ಎರಡು ದಿನಕ್ಕೂ ಇರುವ ಅಂತರ ಮೂರನೆಯ ಇಯತ್ತೆಯ ಮಗುವಿಗೂ ಗೊತ್ತು. ಭಾವನವರನ್ನು ಪೋರ್ಟಿಕೋದಲ್ಲಿ ಮಲಗಿಸಿದ್ದು ಕೊರೋನಾ ಅಲ್ಲ. ಯಾರೋ ಬರೆದು ಗಾಜಿನ ಮೇಲೆ ಅಂಟಿಸಿದ ಒಂದು ನಿಯಮ, ಅದನ್ನು ಪ್ರಶ್ನಿಸುವ ಗೋಜಿಗೆ ಹೋಗದ ಹತ್ತಾರು ಓದಿದವರು.

ಮೂರನೆಯ ಜಾತಿಯವರು ಇನ್ನೂ ಇದ್ದಾರೆ. ಇವರಿಗೆ ಎಲ್ಲವೂ ಲಸಿಕೆಯಿಂದ. ಯಾರ ಕೈ ಬಿದ್ದರೂ, ಯಾರ ಹೃದಯ ನಿಂತರೂ ‘ಇಂಜೆಕ್ಷನ್ ಹಾಕಿಸಿಕೊಂಡಿದ್ದರಲ್ಲ!’ 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ ಸಾಲಾಗಿ ಹೃದಯಾಘಾತದ ಸಾವುಗಳಾದ ಸುದ್ದಿ ಬಂದಾಗ ಈ ಮಾತಿಗೆ ರೆಕ್ಕೆ ಬಂತು. ಅಧಿಕಾರದ ದೊಡ್ಡ ಸ್ಥಾನದಲ್ಲಿದ್ದವರೂ ಲಸಿಕೆಯ ಕಡೆ ಬೊಟ್ಟು ಮಾಡಿದರು. ಹೆದರಿದ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಅದೇ ಜುಲೈನಲ್ಲಿ ವರದಿ ಕೊಟ್ಟಿತು. ಚಿಕ್ಕ ವಯಸ್ಸಿನ ಹೃದ್ರೋಗಕ್ಕೂ ಲಸಿಕೆಗೂ ನಂಟು ಕಾಣಲಿಲ್ಲ, ಹಿಂದೆ ಬಂದುಹೋದ ಸೋಂಕಿಗೂ ನಂಟು ಕಾಣಲಿಲ್ಲ ಎಂದಿತು. ಆ ಎರಡನೆಯ ಮಾತನ್ನೂ ನಾನು ಬಚ್ಚಿಡುವುದಿಲ್ಲ. ಅದು ಹೃದಯದ ವಿಚಾರ. ಸೋಂಕಿನಿಂದ ವರ್ಷಗಳು ದೂರ ಬಂದ ಮೇಲಿನ ವಿಚಾರ. ಮಿದುಳಾಘಾತದ ಹೆಚ್ಚಿನ ಭಯವಿರುವುದು ಸೋಂಕಿನ ವಾರಗಳಲ್ಲಿ.

ಲಸಿಕೆ ಪೂರ್ತಿ ನಿರಪರಾಧಿಯೇ ಎಂದರೆ, ಅಲ್ಲ. ನಮ್ಮಲ್ಲಿ ಕೋವಿಶೀಲ್ಡ್ ಎಂಬ ಹೆಸರಿನಲ್ಲಿ ಬಂದ ಲಸಿಕೆಯಿಂದ ಅತಿ ವಿರಳವಾಗಿ, ಹಾಕಿಸಿಕೊಂಡ ಕೆಲವು ವಾರಗಳೊಳಗೆ, ರಕ್ತ ಗರಣೆಗಟ್ಟುವ ಒಂದು ವಿಚಿತ್ರ ಕಾಯಿಲೆ ಬಂದದ್ದುಂಟು. ಮಿದುಳಿನ ಸಿರೆಗಳಲ್ಲಿಯೂ ಗರಣೆ ಕಟ್ಟಿದ್ದುಂಟು. ಅದನ್ನು ಮುಚ್ಚಿಟ್ಟು ಮಾತಾಡುವವರಿಂದಲೇ ಗಾಳಿಸುದ್ದಿಗೆ ಬಲ ಬರುವುದು. ಬಿಚ್ಚಿಟ್ಟು ತೂಗಿ ನೋಡೋಣ. ಇಂಗ್ಲೆಂಡಿನಲ್ಲಿ 2.9 ಕೋಟಿ ಜನರ ದಾಖಲೆ ನೋಡಿ 2021ರಲ್ಲಿ ಮಾಡಿದ ಲೆಕ್ಕವಿದೆ. ಒಂದು ಕೋಟಿ ಜನರಲ್ಲಿ ಆ ಲಸಿಕೆಯಿಂದ ಮಿದುಳಿನ ಸಿರೆ ಕಟ್ಟಿಕೊಂಡ ಹೆಚ್ಚುವರಿ ಪ್ರಕರಣ 7, ಸೋಂಕಿನಿಂದ 20. ಗರಣೆಯ ಮಾಮೂಲಿ ಮಿದುಳಾಘಾತ, ಫೈಜರ್ ಲಸಿಕೆಯ ನಂತರ ಕೋಟಿಗೆ ಹೆಚ್ಚುವರಿ 143. ಸೋಂಕಿನ ನಂತರ 1699. ತಕ್ಕಡಿ ಎತ್ತ ವಾಲುತ್ತದೆಂದು ಹೇಳಲು ಬಿಎ ಬಿಎಡ್ ಬೇಕಿಲ್ಲ.

ಲಸಿಕೆಯನ್ನು ಬೈಯುವವರ ಮೇಲೆ ನನಗೆ ಸಿಟ್ಟು ಬರುವುದಕ್ಕೆ ಇನ್ನೊಂದು ಕಾರಣವೂ ಇದೆ. ಬೈದು ಮುಗಿಸಿ ಅವರು ಮನೆಗೆ ಹೋಗಿ ಬಿ.ಪಿ. ಮಾತ್ರೆ ನುಂಗುವುದಿಲ್ಲ. ಮಿದುಳಾಘಾತಗಳಲ್ಲಿ ನೂರಕ್ಕೆ ತೊಂಬತ್ತರಷ್ಟಕ್ಕೆ ಹತ್ತೇ ಹತ್ತು ಕಾರಣಗಳನ್ನು ಹೊಣೆಮಾಡಬಹುದೆಂದು ಹಲವು ದೇಶಗಳ ದೊಡ್ಡ ಅಧ್ಯಯನ ತೋರಿಸಿದೆ. ಅದರಲ್ಲಿ ಮೊದಲನೆಯದು ರಕ್ತದ ಒತ್ತಡ. ಕೊರೋನಾ ಆ ರಾಶಿಯ ಮೇಲೆ ಬಿದ್ದ ಇನ್ನೊಂದು ಹೊರೆ. ಲಾಕ್‌ಡೌನಿನಲ್ಲಿ ಮಾತ್ರೆ ಸಿಗದೆ ನಿಲ್ಲಿಸಿದವರು ಅನೇಕರು, ‘ತಲೆನೋವೇನಿಲ್ಲ, ಚೆನ್ನಾಗಿಯೇ ಇದ್ದೇನೆ’ ಎಂದು ಆಮೇಲೆ ಮತ್ತೆ ಶುರುಮಾಡಲೇ ಇಲ್ಲ. ಉಪ್ಪಿನಕಾಯಿ ಹಳೆಯ ಲೆಕ್ಕದಲ್ಲೇ ನಡೆದಿದೆ.

ಸರ್ಕಾರದ ಬಳಿಯೂ ಒಂದು ಜಗಳವಿದೆ. 2023ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೂರದ ತಜ್ಞರಿಗೆ ತೋರಿಸಿ, ಗರಣೆ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು. ಒಳ್ಳೆಯದು, ನೂರು ಸಲ ಒಳ್ಳೆಯದು. ಅಲ್ಲಿ ಕೊಡುವ ಟೆನೆಕ್ಟಿಪ್ಲೇಸ್ ಎಂಬ ಮದ್ದೇ ಬೇರೆ ಪ್ರಮಾಣದಲ್ಲಿ ಮಿದುಳಿನ ಗರಣೆಗೂ ಬಳಕೆಯಲ್ಲಿದೆ. ಹೃದಯಕ್ಕಾದರೆ ಇಸಿಜಿ ಸಾಕು, ಮಿದುಳಿಗೆ ಸಿಟಿ ಬೇಕು. ಇಸಿಜಿ ಯಂತ್ರ ಚೀಲದಲ್ಲಿ ಹಿಡಿಯುತ್ತದೆ, ಸಿಟಿ ಒಂದು ಕೋಣೆ ಬೇಡುತ್ತದೆ. ತೊಡಕು ನಿಜವಾದದ್ದು. ಆದರೆ ಬೆಟ್ಟಗುಡ್ಡಗಳ ಹಿಮಾಚಲ ಪ್ರದೇಶ 2014ರಲ್ಲಿಯೇ ಅದನ್ನು ಬಿಡಿಸಿತು. ಸಿಟಿ ಯಂತ್ರವಿದ್ದು ನರತಜ್ಞರಿಲ್ಲದ ಸರ್ಕಾರಿ ಆಸ್ಪತ್ರೆಗಳಿಂದ ಸ್ಕ್ಯಾನಿನ ಚಿತ್ರವನ್ನು ಮೊಬೈಲಿನಲ್ಲಿ ಮೆಡಿಕಲ್ ಕಾಲೇಜಿನ ತಜ್ಞರಿಗೆ ಕಳಿಸಿ, ಅವರು ಹೂಂ ಎಂದರೆ ಅಲ್ಲಿನ ವೈದ್ಯರೇ ಮದ್ದು ಕೊಡುವುದು. ಮದ್ದಿನ ಖರ್ಚು ಸರ್ಕಾರದ್ದು. ನಮ್ಮಲ್ಲಿ ನಿಮ್ಹಾನ್ಸ್ ಇದೆ. ಅದರ ಜೊತೆ ಸೇರಿ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯದ ಕಾರ್ಯಕ್ರಮವೂ ಇದೆ. ಮೊಬೈಲಂತೂ ಕಾಡಿನಲ್ಲೂ ಇದೆ. ನನಗೆ ಬೇಕಾದದ್ದು ಉದ್ಘಾಟನೆಯ ಫೋಟೋ ಅಲ್ಲ. ನಮ್ಮ ಊರಿನಿಂದ ಅತ್ಯಂತ ಹತ್ತಿರ, ಈ ರಾತ್ರಿ ಎರಡು ಗಂಟೆಗೆ ಸಿಟಿಯೂ ಮದ್ದೂ ಎರಡೂ ಸಿಗುವ ಆಸ್ಪತ್ರೆ ಯಾವುದು ಎಂದು ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕು. ಅದನ್ನೇ 108ರ ಚಾಲಕನ ಕೈಯಲ್ಲಿಡಬೇಕು. ಮುಂದೆ ಯಾವ ಸಾಂಕ್ರಾಮಿಕ ಬಂದರೂ ಯಾವ ಆಸ್ಪತ್ರೆಯೂ ಪರೀಕ್ಷೆಯ ವರದಿಗಾಗಿ ತಲೆಯ ಸ್ಕ್ಯಾನನ್ನು ತಡೆಯಕೂಡದೆಂದು ಈಗಲೇ, ಶಾಂತಿಕಾಲದಲ್ಲೇ, ಆದೇಶ ಹೊರಡಿಸಬೇಕು.

ನನ್ನ ಪಾಲಿನದನ್ನು ನಾನು ತರಗತಿಯಲ್ಲಿ ಮಾಡುತ್ತಿದ್ದೇನೆ. ಎಂಟನೆಯ ತರಗತಿಯ ಮಕ್ಕಳಿಗೆ ‘ಮು-ಕೈ-ಮಾ’ ಎಂದು ಹೇಳಿಕೊಟ್ಟಿದ್ದೇನೆ. ಮುಖ: ನಗಿಸಿ ನೋಡು, ಒಂದು ಕಡೆ ಜೋಲುತ್ತದೆಯೇ? ಕೈ: ಎರಡನ್ನೂ ಎತ್ತಿಸು, ಒಂದು ಇಳಿಯುತ್ತದೆಯೇ? ಮಾತು: ಒಂದು ವಾಕ್ಯ ಹೇಳಿಸು, ತೊದಲುತ್ತದೆಯೇ? ಒಂದಿದ್ದರೂ ಗಡಿಯಾರ ನೋಡಿ ವೇಳೆ ಬರೆದುಕೊ, 108ಕ್ಕೆ ಫೋನ್ ಮಾಡು. ಮಾತ್ರೆ ಬೇಡ, ಕಾಫಿ ಬೇಡ, ಎಣ್ಣೆ ಬೇಡ. ಮಕ್ಕಳು ಇದನ್ನು ಆಟ ಮಾಡಿಕೊಂಡು ಊರಿನ ಅಜ್ಜಂದಿರನ್ನೆಲ್ಲ ನಗಿಸಿ, ಕೈ ಎತ್ತಿಸಿ ಗೋಳು ಹೊಯ್ದುಕೊಳ್ಳುತ್ತಿದ್ದಾರೆಂದು ದೂರು ಬಂದಿದೆ. ಶಾಲೆಗೆ ಬಂದಿದ್ದ ಅಧಿಕಾರಿಯೊಬ್ಬರು ಗೋಡೆಯ ಮೇಲಿನ ಚಾರ್ಟು ನೋಡಿ, ‘ಇದು ಯಾವ ಪಾಠದಲ್ಲಿ ಬರುತ್ತದೆ ಮೇಡಂ?’ ಎಂದು ಕೇಳಿದರು. ಯಾವ ಪಾಠದಲ್ಲೂ ಇಲ್ಲ ಸಾರ್, ಸೇರಿಸಿ ಎಂದು ಅರ್ಜಿ ಬರೆದುಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಚಾರ್ಟು ಗೋಡೆಯ ಮೇಲೇ ಇದೆ.